ಅರಬ್ಬರೋ, ಆಫ್ರಿಕದವರೋ?

ಮೂಡುಬಿದಿರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ಟುನೀಷಿಯಾದ ಮಲ್ಲಿಗೆ ಕ್ರಾಂತಿ ಎಂದು ನಾಲ್ಕು ಸಾಲು ಹಾಕಿದ್ದೀರಿ. ಓದಿದ ಮೊಮ್ಮಗ, "ಅಜ್ಜಿ, ಅವರು ಅರಬ್ಬರೋ, ಆಫ್ರಿಕದವರೋ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ನಿಜಕ್ಕೂ ಮಲ್ಲಿಗೆ ಇದೆಯಾ? ನಮಗೂ ಆ ದೇಶಕ್ಕೂ ಏನಾದರೂ ನಂಟು ಉಂಟಾ?'

ಟೀಚರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. 'ಮಲ್ಲಿಗೆ ಕ್ರಾಂತಿ' ಹೊರಗಿನ ಪತ್ರಿಕೆಗಳು ಓಡಿಸಿದ ಹೆಸರು. ನಾವೂ ಸುಮ್ನೆ ಎತ್ತಿಕೊಂಡೆವು. ಅಲ್ಲಿ ಎಷ್ಟೋ ಜನರಿಗೆ ಅದು ಹಿಡಿಸುವುದಿಲ್ಲ. 'ಮರ್ಯಾದೆಯ ಕ್ರಾಂತಿ' ಎನ್ನುತ್ತಾರೆ ಅವರು. ಯಾಕೆಂದರೆ ಅದು ಶುರುವಾದದ್ದು ಒಂದು ತಳ್ಳುಗಾಡಿಯಿಂದ. 2010ರ ಡಿಸೆಂಬರ್ 17ರಂದು ಸಿದಿ ಬೂಝಿದ್ ಎಂಬ ಒಳನಾಡಿನ ಊರಲ್ಲಿ ಮೊಹಮ್ಮದ್ ಬುವಝೀಝಿ ಎಂಬ ಹಣ್ಣು-ತರಕಾರಿ ಮಾರುವ ಹುಡುಗನ ಸಾಮಾನನ್ನು ಪುರಸಭೆಯವರು ಕಿತ್ತುಕೊಂಡರು. ದೂರು ಕೊಡಲು ಹೋದರೆ ಕೇಳುವವರಿಲ್ಲ. ಆತ ಕಚೇರಿ ಎದುರಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡ. ಜನ ಬೀದಿಗಿಳಿದರು. ತಿಂಗಳು ತುಂಬುವುದರೊಳಗೆ, 2011ರ ಜನವರಿ 14ರಂದು, 23 ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿದ. ಇಂಥದ್ದಕ್ಕೆ ಹೂವಿನ ಹೆಸರಿಟ್ಟರೆ ಅವರಿಗೆ ಬೇಜಾರಾಗದೆ ಇರುತ್ತದಾ?

ಇನ್ನು ಮೊಮ್ಮಗನ ಪ್ರಶ್ನೆ. ಅರಬ್ಬರೂ ಹೌದು, ಆಫ್ರಿಕದವರೂ ಹೌದು. ತಮಾಷೆ ಏನೆಂದರೆ, 'ಆಫ್ರಿಕಾ' ಅನ್ನುವ ಹೆಸರೇ ಆ ನೆಲದ್ದು. ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜ್ ನಗರವನ್ನು ಸುಟ್ಟು ನೆಲಸಮ ಮಾಡಿದರು. ಆನೆಗಳನ್ನು ಕಟ್ಟಿಕೊಂಡು ಆಲ್ಪ್ಸ್ ದಾಟಿದ ಸೇನಾಪತಿ ಹನಿಬಾಲ್‌ನ ಊರು ಅದು. ಗೆದ್ದ ಪ್ರಾಂತಕ್ಕೆ ಅವರಿಟ್ಟ ಹೆಸರು ಆಫ್ರಿಕಾ. ಆಗ ಅದು ಈಗಿನ ಟುನೀಷಿಯಾದ ಉತ್ತರ ಭಾಗ, ಅಷ್ಟೇ. ಆಮೇಲೆ ಬಂದ ಅರಬ್ಬರು ಅದನ್ನೇ 'ಇಫ್ರೀಕಿಯಾ' ಅಂದರು. ಹೆಸರು ಹಿಗ್ಗಿ ಹಿಗ್ಗಿ ಇಡೀ ಖಂಡವನ್ನೇ ನುಂಗಿತು. ಕಾರ್ಥೇಜ್ ಈಗ ರಾಜಧಾನಿ ಟ್ಯೂನಿಸ್ ಪಕ್ಕದ ಬಡಾವಣೆ. ಲೋಕಲ್ ರೈಲು 'ಕಾರ್ಥೇಜ್ ಹನಿಬಾಲ್' ಎಂಬ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ.

ಅರಬ್ಬರಿಗಿಂತ ಮೊದಲೇ ಇದ್ದವರು ಅಮಾಝಿಗ್ ಜನ. ಹೊರಗಿನವರು ಅವರನ್ನು ಬರ್ಬರರು ಅಂದರು. ಅವರ ಭಾಷೆ ಈಗ ಉಳಿದಿರುವುದು ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಮತ್ತು ಜೆರ್ಬಾ ದ್ವೀಪದಲ್ಲಿ ಮಾತ್ರ. ಆದರೆ ರಕ್ತ, ಅಡುಗೆ, ಮಾತು ಎಲ್ಲದರಲ್ಲೂ ಅದು ಬೆರೆತಿದೆ. ತುರ್ಕರು ಬಂದರು. 1881ರಿಂದ 1956ರವರೆಗೆ ಫ್ರೆಂಚರು ಕೂತರು. ಹಾಗಾಗಿ ಅವರು ಮನೆಯಲ್ಲಿ ಆಡುವ 'ದೆರ್ಜಾ' ಅರೇಬಿಕ್ಕೇ ಆದರೂ ಫ್ರೆಂಚ್, ಇಟಾಲಿಯನ್ ಪದಗಳು ಧಾರಾಳ. 'ಬರ್ಶಾ' ಅಂತ ಒಂದು ಮಾತಿದೆ, ನಮ್ಮ 'ಜಾಸ್ತಿ' ಇದ್ದ ಹಾಗೆ. ಅದು ಕಿವಿಗೆ ಬಿದ್ದರೆ ಮಾತಾಡುತ್ತಿರುವವರು ಟುನೀಷಿಯಾದವರು ಅಂತ ಬೇರೆ ಅರಬ್ಬರಿಗೆ ಗೊತ್ತಾಗಿಬಿಡುತ್ತದೆ.

ದೇಶ ದೊಡ್ಡದಲ್ಲ, ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಜನ ಸುಮಾರು 1.2 ಕೋಟಿ. ಉತ್ತರದಲ್ಲಿ ಗೋಧಿ, ಕರಾವಳಿ ಉದ್ದಕ್ಕೂ ಆಲಿವ್ ತೋಟ, ದಕ್ಷಿಣದಲ್ಲಿ ಉಪ್ಪಿನ ಬಯಲು, ಖರ್ಜೂರ, ಸಹಾರಾ. ನಕ್ಷೆಯಲ್ಲಿ ಮರುಭೂಮಿ ಕಂಡು ಒಂಟೆ ನೆನೆಯುವವರು ಮೊದಲು ಆಲಿವ್ ಎಣ್ಣೆ ನೆನೆಯಬೇಕು.

ಅಡುಗೆ ಮನೆಗೆ ಹೋದರೆ ನಿಮಗೆ ಪರಕೀಯ ಅನ್ನಿಸುವುದಿಲ್ಲ. ಕುಸ್‌ಕುಸ್ ಅಂದರೆ ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಆಡಿಸಿ ಆಡಿಸಿ ಸಣ್ಣ ಕಾಳು ಕಟ್ಟಿಸುವುದು. ಆಮೇಲೆ ತೂತಿನ ಪಾತ್ರೆಯಲ್ಲಿ ಹಬೆಗಿಡುತ್ತಾರೆ. ಕೆಳಗೆ ಕುದಿಯುವ ಸಾರಿನ ಹಬೆಯಲ್ಲೇ ಮೇಲಿನ ಕಾಳು ಬೇಯುತ್ತದೆ. ಬೇಸಿಗೆಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿ ವರ್ಷಕ್ಕಾಗುವಷ್ಟು ಕಾಳು ಮಾಡಿ ಬಿಸಿಲಿಗೆ ಹರವುತ್ತಾರೆ. ಅದಕ್ಕೆ 'ಊಲಾ' ಎಂದು ಹೆಸರು. ನಮ್ಮ ಹಪ್ಪಳ-ಸಂಡಿಗೆಯ ಸಡಗರವೇ ಅಲ್ವಾ? ಪಕ್ಕಕ್ಕೆ ಹರೀಸಾ, ಅಂದರೆ ಒಣಮೆಣಸು-ಬೆಳ್ಳುಳ್ಳಿ ಅರೆದ ಕೆಂಪು ಚಟ್ನಿ. ಖಾರದ ವಿಷಯದಲ್ಲಿ ಅವರು ನಮ್ಮವರೇ.

ಹೆಣ್ಣುಮಕ್ಕಳ ವಿಷಯ ಹೇಳಲೇಬೇಕು. ಸ್ವಾತಂತ್ರ್ಯ ಬಂದ ಐದೇ ತಿಂಗಳಿಗೆ, 1956ರ ಆಗಸ್ಟ್ 13ರಂದು, ಹಬೀಬ್ ಬುರ್ಗಿಬಾ ಸರ್ಕಾರ ಬಹುಪತ್ನಿತ್ವವನ್ನು ನಿಷೇಧಿಸಿತು. ವಿಚ್ಛೇದನ ಬೇಕಿದ್ದರೆ ಕೋರ್ಟಿಗೇ ಹೋಗಬೇಕು ಎಂದಿತು. ನಮ್ಮ ಹಿಂದೂ ವಿವಾಹ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ಆಗಸ್ಟ್ 13 ಇವತ್ತಿಗೂ ಅಲ್ಲಿ ಮಹಿಳಾ ದಿನ, ಸರ್ಕಾರಿ ರಜೆ. ಆದರೆ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧ ಪಾಲೇ. ಸಮಪಾಲು ಕೊಡುವ ಮಸೂದೆ 2018ರಲ್ಲಿ ಬಂತು, ಅಲ್ಲೇ ಕೂತಿತು.

ರಾಜಕೀಯದ ಬಗ್ಗೆ ಖುಷಿಯಿಂದ ಬರೆಯಲಾರೆ. ಕ್ರಾಂತಿಯ ನಂತರ ಜಗಳವನ್ನು ಮಾತುಕತೆಯಲ್ಲಿ ಬಗೆಹರಿಸಿದ ಅಲ್ಲಿನ ನಾಲ್ಕು ಸಂಘಟನೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ವಿರೋಧಿಗಳಲ್ಲಿ ಹಲವರು ಜೈಲಿನಲ್ಲಿದ್ದಾರೆ. ಕೆಲಸವಿಲ್ಲದ ಹುಡುಗರು ಈಗಲೂ ರಾತ್ರಿ ದೋಣಿ ಹತ್ತಿ ಇಟಲಿ ಕಡೆ ಹೊರಡುತ್ತಾರೆ.

ನಮ್ಮ ನಂಟು? ಇದೆ, ಅದೂ ನಿಮ್ಮ ಜಿಲ್ಲೆಯದ್ದೇ! ಟುನೀಷಿಯಾದ ಮಹ್ದಿಯಾ ಬಂದರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿಗೆ ಬಂದು ಹದಿನೇಳು ವರ್ಷದ ಹತ್ತಿರ ಇದ್ದ. ಕಾಳುಮೆಣಸು, ಅಡಿಕೆ, ಕಬ್ಬಿಣ ಸಾಗಿಸುತ್ತಿದ್ದ. ಕಂಚಿನ ಕಾರ್ಖಾನೆಯನ್ನೂ ನಡೆಸಿದ. ಯೆಮನ್ನಿನ ಏಡನ್ ಬಂದರಿನ ಗೆಳೆಯರು ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಜೊತೆಗೆ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳನ್ನೇ ಮದುವೆಯಾದ ಎನ್ನುತ್ತಾರೆ ವಿದ್ವಾಂಸರು. 1149ರಲ್ಲಿ ಏಡನ್ನಿಗೆ ಮರಳಿದಾಗ ಊರಿಗೆ ಹೋಗುವ ಹಾಗಿರಲಿಲ್ಲ. ಸಿಸಿಲಿಯ ರಾಜ ಹಿಂದಿನ ವರ್ಷವಷ್ಟೇ ಮಹ್ದಿಯಾವನ್ನು ವಶಪಡಿಸಿಕೊಂಡಿದ್ದ. ಈ ಕಾಗದಗಳೆಲ್ಲ ಉಳಿದದ್ದು ಕೈರೋದ ಒಂದು ಯಹೂದಿ ಮಂದಿರದ ಕೋಣೆಯಲ್ಲಿ.

ಕೊನೆಗೆ ಮಲ್ಲಿಗೆ. ಇದೆ ಟೀಚರೇ, ಬರ್ಶಾ ಇದೆ. ಅರಳುವ ಮೊದಲೇ ಮೊಗ್ಗು ಕಿತ್ತು, ಒಂದೊಂದನ್ನೂ ಕಡ್ಡಿಗೆ ಪೋಣಿಸಿ, ದಾರ ಸುತ್ತಿ ಪುಟ್ಟ ಗೊಂಚಲು ಮಾಡುತ್ತಾರೆ. 'ಮಶ್ಮೂಮ್' ಅದರ ಹೆಸರು. ಬೇಸಿಗೆಯ ಸಂಜೆ ಕಾಫಿ ಅಂಗಡಿಗಳ ಮುಂದೆ ಮಾರುತ್ತಾರೆ. ಕೊಂಡು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವವರು ಜಾಸ್ತಿ ಗಂಡಸರೇ. ಮೊಮ್ಮಗನಿಗೆ ಹೇಳಿ, ನಗಲಿ.