ಒಂದು ರಾತ್ರಿ ದಂಡ ಮಾಡಿ, ಮೇಷ್ಟ್ರೇ

ಸಾಗರದ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಬರೆದಿದ್ದಾರೆ: “ಮಗಳು, ಅಳಿಯ ಸ್ಟಾಕ್‌ಹೋಮ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಹೊರಟಿದ್ದೇವೆ. ರಾತ್ರಿ ಹಡಗಿನಲ್ಲಿ ಹೆಲ್ಸಿಂಕಿ ನೋಡಿ ಬಂದು, ಆಮೇಲೆ ರೈಲಿನಲ್ಲೇ ಇಟಲಿಗೆ ಹೋಗಬೇಕೆಂದು ಆಸೆ. ಅಳಿಯಂದಿರು ನಗುತ್ತಾರೆ. ವಿಮಾನದಲ್ಲಿ ಒಂದು ಗಂಟೆಯ ದಾರಿ, ಅದಕ್ಕೆ ಒಂದು ರಾತ್ರಿ ದಂಡ ಮಾಡಬೇಕಾ ಅಂತಾರೆ. ಜನ್ಮವೆಲ್ಲ ಭೂಗೋಳ ಪಾಠ ಮಾಡಿದವನಿಗೆ ಉತ್ತರ ಹೊಳೆಯುತ್ತಿಲ್ಲ. ನೀವೇನಂತೀರಿ?”

ಮೇಷ್ಟ್ರೇ, ಮೊದಲು ಅಳಿಯಂದಿರ ಪರವಾಗಿ ಎರಡು ಮಾತು. ಅವರ ಲೆಕ್ಕ ತಪ್ಪಲ್ಲ. ಎಷ್ಟೋ ಸಲ ವಿಮಾನವೇ ಅಗ್ಗ. ಮಂಡಿನೋವಿನವರಿಗೆ ಮೇಲಿನ ಬರ್ತ್ ಹತ್ತುವುದು ಕಷ್ಟವೇ. ಆಯಿತು, ಅವರ ಪಾಲು ಕೊಟ್ಟಾಯಿತು.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು. ಭೂಗೋಳದ ಮೇಷ್ಟ್ರಿಗೇ ಉತ್ತರ ಹೊಳೆಯದಿದ್ದರೆ ಹೇಗೆ? ಸ್ಟಾಕ್‌ಹೋಮ್‌ನ ಮುಂದೆ ಕಡಲಲ್ಲಿ ದ್ವೀಪ, ಬಂಡೆ ಎಲ್ಲ ಸೇರಿ ಸುಮಾರು 30,000 ಇವೆ. ಸಂಜೆ ಹೊರಟ ಹಡಗು ಗಂಟೆಗಟ್ಟಲೆ ಅವುಗಳ ಸಂದಿಯಲ್ಲೇ ನುಸುಳಿಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಕೆಂಪು ಮರದ ಮನೆ, ಮುಂದೊಂದು ದೋಣಿ. ನೀವು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತೀಡಿದ ಬಾಲ್ಟಿಕ್ ಇದೇ ಅಲ್ವಾ? ವಿಮಾನದ ಕಿಟಕಿಯಿಂದ ಕಂಡರೂ ಕಂಡೀತು, ಮೋಡ ಇಲ್ಲದಿದ್ದರೆ.

ಇನ್ನೊಂದು ತಮಾಷೆ. ನಡುರಾತ್ರಿಯ ಹೊತ್ತಿಗೆ ಹಡಗು ಓಲಂಡ್ ದ್ವೀಪಗಳ ಮರಿಯೆಹಾಮ್ನ್ ಎಂಬ ಊರಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಹತ್ತುವವರು, ಇಳಿಯುವವರು ಹೆಚ್ಚಿಲ್ಲ. ಮತ್ಯಾಕೆ ಆ ನಿಲುಗಡೆ? ಐರೋಪ್ಯ ಒಕ್ಕೂಟದ ದೇಶಗಳ ನಡುವೆ ಓಡಾಡುವವರಿಗೆ ಸುಂಕವಿಲ್ಲದ ಮಾರಾಟ 1999ರಲ್ಲಿ ನಿಂತುಹೋಯಿತು. ಆದರೆ ಓಲಂಡ್ ಫಿನ್‌ಲೆಂಡಿಗೆ ಸೇರಿದ್ದರೂ ಒಕ್ಕೂಟದ ತೆರಿಗೆ ಗಡಿಯ ಹೊರಗಿದೆ. ಅಲ್ಲಿ ಲಂಗರು ಮುಟ್ಟಿಸಿದರೆ ಸಾಕು, ಹಡಗಿನ ಅಂಗಡಿಯಲ್ಲಿ ಬಿಯರಿಗೆ ಸುಂಕವಿಲ್ಲ. ಅಂದರೆ ಅಲ್ಲಿ ಇಳಿಯುವುದು ಜನ ಅಲ್ಲ, ತೆರಿಗೆ! ಒಕ್ಕೂಟ, ಗಡಿ, ಸುಂಕ ಅಂತ ಮಕ್ಕಳಿಗೆ ಮೂರು ಪೀರಿಯಡ್ ತೆಗೆದುಕೊಂಡು ಹೇಳುವುದನ್ನು ಆ ಒಂದು ನಿಲುಗಡೆ ಹೇಳುತ್ತದೆ.

ನಾನು ಹೋದಾಗ ದುಡ್ಡು ಉಳಿಸಲು ಎಲ್ಲಕ್ಕಿಂತ ಕೆಳಗಿನ ಕ್ಯಾಬಿನ್ ಹಿಡಿದಿದ್ದೆ. ಕಿಟಕಿ ಇಲ್ಲ. ಕಾರು ನಿಲ್ಲಿಸುವ ಅಂತಸ್ತಿಗಿಂತಲೂ ಕೆಳಗೆ. ಪಕ್ಕದ ಕ್ಯಾಬಿನ್‌ನಲ್ಲಿ ಹುಡುಗರ ಗುಂಪೊಂದು ಎರಡು ಗಂಟೆಯವರೆಗೆ ಹಾಡುತ್ತಿತ್ತು. ಪುಣ್ಯಕ್ಕೆ ಶ್ರುತಿಯಲ್ಲೇ ಹಾಡಿದರು.

ಇನ್ನು ರೈಲು. ಲಂಡನ್ನಿನಿಂದ ಪ್ಯಾರಿಸ್ಸಿಗೆ 1936ರಿಂದ 1980ರವರೆಗೆ ಒಂದು ರಾತ್ರಿ ರೈಲಿತ್ತು. ಡೋವರ್‌ನಲ್ಲಿ ಬೋಗಿಗಳನ್ನೇ ಹಡಗಿನೊಳಗೆ ತಳ್ಳಿ ಸರಪಳಿಯಿಂದ ಬಿಗಿಯುತ್ತಿದ್ದರು. ಆ ಸರಪಳಿ ಸದ್ದಿಗೆ ಮಲಗಿದವರೆಲ್ಲ ಎದ್ದು ಕೂರುತ್ತಿದ್ದರಂತೆ. ಅದು ಹೋಯಿತು. ಜರ್ಮನಿಯ ಪುಟ್‌ಗಾರ್ಡನ್ನಿನಿಂದ ಡೆನ್ಮಾರ್ಕಿನ ರೋಡ್‌ಬಿಗೆ ರೈಲು ಹೊತ್ತೊಯ್ಯುತ್ತಿದ್ದ ಹಡಗು 2019ರ ಡಿಸೆಂಬರಿನಲ್ಲಿ ನಿಂತಿತು. ಈಗ ಅಲ್ಲಿ ಸಮುದ್ರದಡಿ ಸುರಂಗ ಆಗುತ್ತಿದೆ.

ಉಳಿದಿರುವುದನ್ನು ನೋಡಬೇಕೆಂದರೆ ಸಿಸಿಲಿಗೆ ಹೋಗಿ. ರೋಮ್‌ನಿಂದ ಹೊರಟ ರಾತ್ರಿ ರೈಲು ಇಟಲಿಯ ಪಾದದ ತುದಿಗೆ, ವಿಲ್ಲಾ ಸಾನ್ ಜೊವಾನಿಗೆ ಬಂದು ನಿಲ್ಲುತ್ತದೆ. ಬೋಗಿಗಳನ್ನು ಬಿಡಿಸಿ, ತುಂಡು ತುಂಡಾಗಿ ಹಡಗಿನ ಹೊಟ್ಟೆಗೆ ಹಾಕುತ್ತಾರೆ. ನೀವು ಮೇಲಕ್ಕೆ ಹತ್ತಿ ಹೋಗಿ ಗಾಳಿ ಕುಡಿಯುತ್ತಾ ನಿಲ್ಲಬಹುದು. ಅಲ್ಲಿನ ಕ್ಯಾಂಟೀನಿನಲ್ಲಿ ಅನ್ನದ ಉಂಡೆ ಕರಿದು ಕೊಡುತ್ತಾರೆ, ಅರಾಂಚಿನಿ ಅಂತ. ಒಳಗೆ ಮಾಂಸ ಇರುತ್ತದೆ, ಕೇಳಿಕೊಂಡು ತಿನ್ನಿ. ಸಾಗರದವರಾದ ನಿಮಗೆ ಇದೇನು ಹೊಸದಲ್ಲ ಬಿಡಿ. ಸಿಗಂದೂರಿನ ಲಾಂಚಿನ ಮೇಲೆ ಬಸ್ಸು ಹತ್ತಿಸಿಕೊಂಡು ಶರಾವತಿ ಹಿನ್ನೀರು ದಾಟಿದವರು ನೀವು. ಅದೇ ಲಾಂಚು, ಬಸ್ಸಿನ ಜಾಗದಲ್ಲಿ ರೈಲು. ನಿಮ್ಮಲ್ಲಿ 2025ರಲ್ಲಿ ಸೇತುವೆ ಬಂತು. ಬರಬೇಕಿತ್ತು, ಆಸ್ಪತ್ರೆಗೆ ಹೋಗಲು ಲಾಂಚು ಕಾಯುತ್ತಿದ್ದವರ ಕಷ್ಟ ನೀವು ನನಗಿಂತ ಬಲ್ಲಿರಿ. ಇಟಲಿಗೂ ಸಿಸಿಲಿಗೂ ನಡುವಿನ ಮೆಸ್ಸಿನಾ ಜಲಸಂಧಿಯಲ್ಲಿ ಸೇತುವೆಯ ಮಾತು ದಶಕಗಳಿಂದ ನಡೆದೇ ಇದೆ. ಆ ಸೇತುವೆ ಬರುವ ಮೊದಲು ಹೋಗಿ ಬನ್ನಿ.

ಲಾಭವಿಲ್ಲ ಎಂದು ಜರ್ಮನಿಯ ರೈಲ್ವೆ 2016ರ ಕೊನೆಗೆ ರಾತ್ರಿ ರೈಲು ಕೈಬಿಟ್ಟಿತು. ಅದರ ಎಷ್ಟೋ ಮಾರ್ಗಗಳನ್ನು ಪುಟ್ಟ ಆಸ್ಟ್ರಿಯಾ ವಹಿಸಿಕೊಂಡು ‘ನೈಟ್‌ಜೆಟ್’ ಎಂದು ಓಡಿಸುತ್ತಿದೆ. ವಿಯೆನ್ನಾದಿಂದ ರೋಮ್‌ಗೆ ಅದರಲ್ಲೇ ಹೋಗಿ. ಒಂದು ಕೋಣೆಯಲ್ಲಿ ನಮ್ಮ ಸ್ಲೀಪರ್ ಕ್ಲಾಸಿನ ಹಾಗೆ ಒಂದರ ಮೇಲೊಂದು ಬರ್ತ್, ಬಾಗಿಲು ಹಾಕಿಕೊಳ್ಳಬಹುದು, ಸೈಡ್ ಲೋಯರ್‌ ಜಗಳವಿಲ್ಲ. ಬೆಳಗ್ಗೆ ಎರಡು ಬನ್ನು, ಬೆಣ್ಣೆ, ಜಾಮು, ಕಾಫಿ. ಕಾಫಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಮ್ಮ ಪತ್ರಿಕೆಗೆ ತಿಂಗಳಿಗೆ ಹತ್ತಾರು ಪ್ರವಾಸ ಲೇಖನ ಬರುತ್ತವೆ. ಎಲ್ಲವೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶುರು. ಹದಿನೈದು ದಿನ, ಹತ್ತು ದೇಶ, ದಿನಾ ಸಂಜೆ ಅನ್ನ ಸಾರು. ಯಾವ ದೇಶ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು, ಬರೆದವರಿಗೇ ಗೊತ್ತಿರುವುದಿಲ್ಲ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೊರಟಾಗ ಹಡಗಿನಲ್ಲಿ ಹೋದರು. ಆ ಕಡಲು ಕನ್ನಡಕ್ಕೆ ಕವಿತೆಯಾಗಿ ಬಂತು. ವಿಮಾನದಲ್ಲಿ ಸೀಟ್ ಬೆಲ್ಟ್ ಕಟ್ಟಿ ಕೂತವರಿಂದ ಏನು ಬಂತು ಹೇಳಿ! ನಮ್ಮ ಕರಾವಳಿಯವರೂ ಒಂದು ಕಾಲಕ್ಕೆ ಆಗಬೋಟು ಹತ್ತಿ ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದವರು. ಇಷ್ಟುದ್ದ ಕಡಲಿದ್ದೂ ಇವತ್ತು ಮಂಗಳೂರಿನಿಂದ ಮುಂಬಯಿಗೆ ಸಂಜೆ ಹತ್ತಿ ಮಲಗಿ ಹೋಗಲು ಒಂದು ಹಡಗಿಲ್ಲ. ಯಾರೂ ಕೇಳುವುದೂ ಇಲ್ಲ.

ಇರಲಿ, ಕೆಲಸದ ಮಾತಿಗೆ ಬರ್ತೇನೆ. ನೀವು ಕೊಳ್ಳಬೇಕಾದದ್ದು ಯುರೇಲ್ ಪಾಸು, ಅಂದರೆ ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸು. ಅದರಂಥದೇ ಇಂಟರ್‌ರೇಲ್ ಪಾಸು ಅಲ್ಲಿಯೇ ವಾಸವಿರುವವರಿಗೆ, ಅಂದರೆ ಮಗಳಿಗೆ. ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ಕಡಿತ ಇದೆ. ರಾತ್ರಿ ರೈಲಿನಲ್ಲಿ ಹೋದರೆ ಪಾಸಿನ ದಿನಗಳಲ್ಲಿ ಹೊರಡುವ ದಿನ ಮಾತ್ರ ಲೆಕ್ಕ. ಆದರೆ ಬರ್ತಿಗೆ ಬೇರೆ ದುಡ್ಡು ಕೊಟ್ಟು ಮೊದಲೇ ಕಾದಿರಿಸಬೇಕು. ಆಸೆ ಹೆಚ್ಚಾಗಿ ಇಂಗ್ಲೆಂಡಿಗೂ ದಾಟಿದರೆ ಅದು ಷೆಂಗೆನ್ ಗಡಿಯ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗೆ. ಅಲ್ಲಿನ ವೀಸಾ ಬೇರೆ ಬೇಕು, ವಾಪಸು ಬರಲು ನಿಮ್ಮ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು. ನನ್ನ ಗೆಳೆಯರೊಬ್ಬರು ಇದನ್ನು ಬಂದರಿಗೆ ಹೋದ ಮೇಲೆ ಕಲಿತರು.

ಬಂದ ಮೇಲೆ ನಮಗೊಂದು ಲೇಖನ ಕೊಡಿ. ವಿಮಾನ ನಿಲ್ದಾಣ ಬೇಡ. ಮರಿಯೆಹಾಮ್ನ್‌ನಲ್ಲಿ ಅಲಾರಂ ಇಟ್ಟು ಎದ್ದು, ಆ ಹೊತ್ತಿನಲ್ಲಿ ಅಲ್ಲಿ ಯಾರು ಹತ್ತಿದರು, ಯಾರು ಇಳಿದರು ಅಂತ ಬರೆಯಿರಿ. ಇಷ್ಟೆಲ್ಲ ಹೇಳಿದ ನಾನು ಆಗ ನಿದ್ದೆ ಹೋಗಿದ್ದೆ.

— ಸಂ.