ತಿರುಗಿಸಿ ನೋಡಿದಿರಾ?

ಪ್ರಶ್ನೆ: ಹೊಸ ಕಲಾವಿದರ ಒಡವೆ ಪ್ರದರ್ಶನಕ್ಕೆ ಗೆಳತಿ ಕರೆದುಕೊಂಡು ಹೋದಳು. ಎಲ್ಲಿ ನೋಡಿದರೂ ರಬ್ಬರ್, ಕಾಗದ, ಬಣ್ಣಬಣ್ಣದ ಟೈಟಾನಿಯಂ. ಚಿನ್ನ ಹುಡುಕಿದರೂ ಕಾಣಲಿಲ್ಲ. ಇದನ್ನೂ ಒಡವೆ ಅಂತಾರಾ? ಒಳ್ಳೆಯದು ಯಾವುದು, ಸುಮ್ನೆ ಗಿಮಿಕ್ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಅಂತಾರೆ. ಈ ಜಗಳ ಹಳೆಯದು. 1980ರಲ್ಲಿ ಸ್ವಿಸ್ ಕಲಾವಿದ ಒಟ್ಟೊ ಕ್ಯೂಂಜ್ಲಿ ಕಪ್ಪು ರಬ್ಬರ್ ಕೊಳವೆಯೊಳಗೆ ಚಿನ್ನದ ಗುಂಡೊಂದನ್ನು ತೂರಿಸಿ ಬಳೆ ಮಾಡಿದರು. ಹೊರಗೆ ಕಾಣುವುದು ಒಂದು ಉಬ್ಬು ಮಾತ್ರ. ಒಳಗೆ ಚಿನ್ನ ಇದೆ ಅಂತ ನಂಬಬೇಕು, ಕತ್ತರಿಸಿ ನೋಡಿದರೆ ಬಳೆಯೇ ಹೋಯಿತು! ಅದರ ಹೆಸರು 'ಚಿನ್ನ ಕುರುಡಾಗಿಸುತ್ತದೆ'.

ಒಳ್ಳೆಯದನ್ನು ಗುರುತಿಸಲು ನನ್ನ ಹತ್ತಿರ ಇರುವುದು ಒಂದೇ ಉಪಾಯ. ಹಿಂಬದಿ ನೋಡುತ್ತೇನೆ. (ಕೇಳಿ ಮುಟ್ಟಿ, ಮತ್ತೆ ನನ್ನ ಹೆಸರು ಹೇಳಬೇಡಿ.) ಇದನ್ನು ಕಲಿಸಿದ್ದು ನನ್ನ ಮೊದಲ ಬ್ರೋಚ್, ಅಂದರೆ ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸುವ ಒಡವೆ. ಅಂಗೈ ಅಗಲದ ತಾಮ್ರದ ತಗಡು. ಮುಂಬದಿಗೆ ಮೂರು ವಾರ ಸುತ್ತಿಗೆ ಹಿಡಿದು ಕೂತಿದ್ದೆ. ಪಿನ್ ಮಾತ್ರ ಕೊನೇ ಗಳಿಗೆಯಲ್ಲಿ, ನಡುವಿಗಿಂತ ಕೆಳಗೆ ಬೆಸೆದೆ. ಗೆಳತಿ ಸಿಕ್ಕಿಸಿಕೊಂಡ ಅರ್ಧ ಗಂಟೆಗೆ ಬ್ರೋಚ್ ತಲೆ ಬಗ್ಗಿಸಿ ನೆಲ ನೋಡುತ್ತಿತ್ತು. ಪಿನ್ ನಡುವಿಗಿಂತ ಮೇಲಿದ್ದರೆ ಭಾರ ಕೆಳಗೆ ಜೋತು ಒಡವೆ ನೆಟ್ಟಗೆ ನಿಲ್ಲುತ್ತದೆ, ಅಷ್ಟೇ. ಅಂದಿನಿಂದ ಯಾರ ಕೆಲಸ ನೋಡಿದರೂ ಮೊದಲು ಪಿನ್, ಕೊಂಡಿ, ಕೀಲು.

ನೀವು ಕಂಡ ಟೈಟಾನಿಯಂ ಬಣ್ಣ ಬಳಿದದ್ದಾಗಿರಲಾರದು. ಲೋಹವನ್ನು ದ್ರಾವಣದಲ್ಲಿ ಅದ್ದಿ ಕರೆಂಟ್ ಹಾಯಿಸಿದರೆ ಮೈಮೇಲೆ ತೆಳ್ಳಗೆ ಆಕ್ಸೈಡ್ ಪದರ ಬೆಳೆಯುತ್ತದೆ. ವೋಲ್ಟೇಜ್ ಏರಿದಂತೆ ಪದರ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. ನೀರಿನ ಮೇಲೆ ಎಣ್ಣೆ ಬಿದ್ದಾಗ ಬಣ್ಣ ಆಡುತ್ತದಲ್ವಾ, ಹಾಗೆ. ಆದರೆ ಬೆಳ್ಳಿಗೆ ಹಾಕುವ ಬೆಸುಗೆ ಇದಕ್ಕೆ ಹಿಡಿಯುವುದಿಲ್ಲ. ರಿವೆಟ್ಟೋ (ತೂತಿಗೆ ತೂರಿಸಿ ತುದಿ ಬಡಿದು ಚಪ್ಪಟೆ ಮಾಡುವ ಮೊಳೆ) ಸ್ಕ್ರೂವೋ ಬೇಕು. ಆ ರಿವೆಟ್ಟನ್ನು ಅಡಗಿಸದೆ ಅದರಿಂದಲೇ ಅಂದ ತರುವ ಹೊಸಬರು ನನಗೆ ತುಂಬಾ ಇಷ್ಟ. ಹಿಂದೆ ಅಂಟು ಮೆತ್ತಿ ಕೈತೊಳೆದುಕೊಂಡವರನ್ನು ಕಂಡರೆ ಸಿಟ್ಟು ಬರುತ್ತದೆ, ಒಪ್ಪಿಕೊಳ್ಳುತ್ತೇನೆ.

ಇನ್ನೂ ನೋಡುವ ಆಸೆ ಇದ್ದರೆ ಮ್ಯೂನಿಕ್‌ನ 'ಶ್ಮುಕ್' ಪ್ರದರ್ಶನದ ಚಿತ್ರಗಳನ್ನು ಹುಡುಕಿ. 1959ರಿಂದ ನಡೆಯುತ್ತಿದೆ. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಮಾರ್ಝೇ ಗ್ಯಾಲರಿ ಆಗಷ್ಟೇ ಓದು ಮುಗಿಸಿದವರ ಒಡವೆಗಳನ್ನು ಪ್ರತಿ ವರ್ಷ ತೋರಿಸುತ್ತದೆ. ಫೋಟೋಗಳಲ್ಲಿ ಮುಂಬದಿಯೇ ಜಾಸ್ತಿ, ಅದೊಂದು ಬೇಜಾರು.

ಪ್ರಶ್ನೆ: ತಾಮ್ರದ ತಂತಿಯಲ್ಲಿ ಉಂಗುರ ಹೆಣೆಯುತ್ತೇನೆ. ನಾಲ್ಕೈದು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ತಂತಿಯೇ ಕೆಟ್ಟದ್ದಾ?

ಉತ್ತರ: ಪಾಪ, ತಂತಿಯನ್ನು ಬೈಯಬೇಡಿ. ಬಗ್ಗಿಸಿದಷ್ಟೂ, ಬಡಿದಷ್ಟೂ ತಾಮ್ರ ಗಡುಸಾಗುತ್ತದೆ. ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳಬೇಕು. ಕೋಣೆಯ ಬೆಳಕು ಕಡಿಮೆ ಮಾಡಿ, ಮಂದ ಕೆಂಪು ಕಂಡ ಕೂಡಲೇ ಉರಿ ತೆಗೆದು ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿ. ಜೋರು ಬೆಳಕಲ್ಲಿ ಆ ಕೆಂಪು ಕಾಣುವುದೇ ಇಲ್ಲ, ನಾನು ಎಷ್ಟೋ ತಂತಿ ಕರಗಿಸಿದ್ದು ಹಾಗೆಯೇ.