ಗಂಡನದು ಪೋರ್ಚುಗೀಸ್ ಪಾಸ್‌ಪೋರ್ಟ್, ನನ್ನದು ಭಾರತದ್ದು. ಇಬ್ಬರೂ ಜರ್ಮನಿಗೆ ಹೋಗಿ ನೆಲೆಸಬಹುದೇ?

ನೆಲೆಸಬಹುದು. ಯುರೋಪಿಯನ್ ಒಕ್ಕೂಟದ 2004ರ ನಿರ್ದೇಶನ ಸಂಖ್ಯೆ 38ರ ಪ್ರಕಾರ ನಿಮಗೂ ಅಲ್ಲಿ ವಾಸದ ಜೊತೆಗೆ ಕೆಲಸ ಮಾಡುವ ಹಕ್ಕಿದೆ. ಆದರೆ ಅದು ನಿಮ್ಮದೇ ಹಕ್ಕಲ್ಲ, ಗಂಡನ ಹಕ್ಕಿನ ನೆರಳು. ಅವರು ಸ್ವಂತ ದೇಶ ಬಿಟ್ಟು ಒಕ್ಕೂಟದ ಬೇರೆ ದೇಶದಲ್ಲಿದ್ದಾಗ ಮಾತ್ರ ಅದು ಹುಟ್ಟುತ್ತದೆ. ವಿಚಿತ್ರವೆನಿಸಬಹುದು, ನೇರ ಪೋರ್ಚುಗಲ್‌ಗೆ ಹೋದರೆ ಸಾಮಾನ್ಯವಾಗಿ ಅಲ್ಲಿನ ದೇಶೀಯ ಕಾನೂನೇ ಅನ್ವಯ.

ಪ್ರವೇಶಕ್ಕೆ ನಿಮಗೆ ವೀಸಾ ಬೇಕು, ವೀಸಾ ಶುಲ್ಕವಿಲ್ಲ. ಅರ್ಜಿಯಲ್ಲಿ 'ಒಕ್ಕೂಟದ ಪ್ರಜೆಯ ಕುಟುಂಬ ಸದಸ್ಯೆ' ಎಂದೇ ನಮೂದಿಸಿ. ಇಲ್ಲಿ ತಪ್ಪಿದರೆ ಮಾಮೂಲಿ ಪ್ರವಾಸಿ ಅರ್ಜಿಯಂತೆ ಶುಲ್ಕ, ಹೋಟೆಲ್ ಬುಕಿಂಗ್ ಎಲ್ಲ ಕೇಳುತ್ತಾರೆ. ಜರ್ಮನ್ ಅನುವಾದದೊಂದಿಗೆ ವಿವಾಹ ಪ್ರಮಾಣಪತ್ರ ಕೈಯಲ್ಲಿರಲಿ.

ಮನೆಗೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್. ಬಾಡಿಗೆ ಕರಾರು ತೋರಿಸಿದರೆ ಸಾಲದು, 'ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ' ಎಂದು ಮನೆ ಮಾಲೀಕರು ಸಹಿ ಹಾಕಿದ ಚೀಟಿ ಬೇಕು. ಬಹಳ ಜನ ಎಡವುವುದು ಇಲ್ಲೇ.

3 ತಿಂಗಳ ನಂತರವೂ ಉಳಿಯಲು ಗಂಡನಿಗೆ ಕೆಲಸವೋ ಸ್ವಂತ ಉದ್ಯೋಗವೋ ಇರಬೇಕು. ಇಲ್ಲವಾದರೆ ಸಾಕಷ್ಟು ಹಣ, ಇಬ್ಬರಿಗೂ ಆರೋಗ್ಯ ವಿಮೆ. ನಿಮ್ಮ ವಾಸದ ಕಾರ್ಡ್ ಅರ್ಜಿ ಹಾಕಿದ 6 ತಿಂಗಳೊಳಗೆ ಬರಬೇಕು, ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ.